ಒಣ ಪೊಟ್ಟಣದೊಳಗೆ ಜೌಗಿನ ನೀರು

ದೆವ್ವ, ಶಕುನ, ಸೂಚನೆ ಇವೆಲ್ಲ ಕೆಲಸವಿಲ್ಲದವರ ಮಾತು ಎಂದುಕೊಂಡಿದ್ದವಳು ನಾನು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೆ; ಕಾರಣವಿಲ್ಲದೆ ಎಲೆಯೂ ಉದುರುವುದಿಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಈಗಲೂ ಹಾಗೇ ಹೇಳಬೇಕೆಂದು ಆಸೆ. ಆದರೆ ಒಂದು ಮಧ್ಯಾಹ್ನ ಅಡ್ಡ ಬರುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ಮಲ್ಲೇಶ್ವರದ ತಗ್ಗಿನಲ್ಲಿ, ಅಡ್ಡರಸ್ತೆಯೊಂದು ಮುಗಿಯುವಲ್ಲಿ, ಖಾಲಿ ಸೈಟೊಂದಿತ್ತು. ಬೇಸಗೆಯಲ್ಲೂ ಅಲ್ಲಿ ನೆಲದಿಂದ ತಣ್ಣನೆಯ ನೀರು ಜಿನುಗುತ್ತಿತ್ತು. ಆ ಜೌಗಿನಲ್ಲಿದ್ದ ಒಂದು ಬಗೆಯ ಹಾವಸೆಯನ್ನು ನಾನು ಊರಿನಲ್ಲಿ ಬೇರೆಲ್ಲೂ ಕಂಡಿರಲಿಲ್ಲ. ಉಗುರಿನಷ್ಟು ಎತ್ತರ, ಎಳೆ ಬಾಳೆಲೆಯ ಬಣ್ಣ. ವರ್ಷ ವರ್ಷವೂ ಅದು ಕುಗ್ಗುತ್ತಿತ್ತು. ಸುತ್ತಲಿನವರು ಬೋರ್‌ವೆಲ್ ಕೊರೆಸಿದರು, ಚರಂಡಿ ನೀರು ಸೇರಿತು, ಒಡೆದ ಮನೆಗಳ ಇಟ್ಟಿಗೆ ಚೂರು ಬಂದು ಬಿತ್ತು. ಕೊನೆಗೆ ಉಳಿದದ್ದು ಒಂದು ಚಾಪೆಯಗಲ.

ಸೈಟಿನ ಯಜಮಾನರು ನಿವೃತ್ತ ಗುಮಾಸ್ತರು, ಸಜ್ಜನರು. ಅವರನ್ನು ಬೇಡಿಕೊಂಡೆ.

“ಮೇಡಂ, ಮೂವತ್ತು ವರ್ಷದಿಂದ ಬಾಡಿಗೆ ಮನೇಲಿದೀವಿ. ಪಾಚಿಗೋಸ್ಕರ ಮನೆ ಕಟ್ಬೇಡಿ ಅಂತೀರಲ್ಲ, ನೀವಾಗಿದ್ರೆ ಬಿಡ್ತಿದ್ರಾ?” ಎಂದರು.

ಮಣ್ಣು ತುಂಬಿಸುವ ಹಿಂದಿನ ದಿನ ತಿಳಿಸಿ, ಬುಡಸಮೇತ ಎತ್ತಿಕೊಂಡು ಹೋಗುತ್ತೇನೆ ಎಂದೆ. ಒಪ್ಪಿದರು.

ಒಂದು ಶನಿವಾರ ಹನ್ನೊಂದರ ಹೊತ್ತಿಗೆ ಕಾಲೇಜಿಗೆ ಅವರ ಫೋನ್ ಬಂತು. ಓಡಿದೆ. ಲಾರಿಗಳು ಬೆಳಗ್ಗೆಯೇ ಬಂದು ಹೋಗಿದ್ದವು. ಜೌಗಿನ ಮೇಲೆ ಆಳೆತ್ತರ ಕೆಂಪು ಮಣ್ಣು.

“ಗಡಿಬಿಡೀಲಿ ಮರ್ತೇಬಿಟ್ಟೆ ಮೇಡಂ, ತಪ್ಪು ತಿಳ್ಕೋಬೇಡಿ” ಎಂದು ಅವರು ಕೈಮುಗಿದರು.

ಕಾಲೇಜಿಗೆ ವಾಪಸು ಬಂದು ಮಾದರಿಗಳ ಬೀರು ತೆಗೆದೆ. ಆರು ವರ್ಷದ ಹಿಂದೆ ಆ ಹಾವಸೆಯನ್ನು ಒಂದು ಹಿಡಿ ಒಣಗಿಸಿ ಕಾಗದದ ಪೊಟ್ಟಣದಲ್ಲಿ ಇಟ್ಟಿದ್ದೆ. ಅದನ್ನಾದರೂ ನೋಡೋಣವೆನಿಸಿತು. ಪೊಟ್ಟಣ ಕೈಗೆ ತಣ್ಣಗೆ ತಗುಲಿತು. ನೀರು ತೊಟ್ಟಿಕ್ಕುತ್ತಿತ್ತು. ಮುಟ್ಟಿದರೆ ಕಾಗದ ಕಿತ್ತುಬಂತು. ಒಳಗೆ ಹಾವಸೆ ಹಸಿರಾಗಿ ಎದ್ದು ನಿಂತಿತ್ತು. ಅದೇ ಜೌಗಿನ ಕೆಸರಿನ ವಾಸನೆ. ಎಡಬಲದ ಪೊಟ್ಟಣಗಳು ಗರಿಗರಿಯಾಗಿ ಒಣಗಿದ್ದವು.

ಪ್ರಯೋಗಾಲಯದ ಹಳೆಯ ಅಟೆಂಡರ್ ಪುಟ್ಟಲಿಂಗಯ್ಯನವರನ್ನು ಕರೆದೆ. “ಯಾರಾದ್ರೂ ನೀರು ಚೆಲ್ಲಿದ್ರಾ?”

“ಬೀಗದ ಕೈ ನಿಮ್ಹತ್ರಾನೇ ಇದೆಯಲ್ಲ ಮೇಡಂ” ಎಂದರು. ಮೂಸಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದರು.

ಒಣಗಿದ ಹಾವಸೆ ನೀರು ತಾಗಿದರೆ ಮತ್ತೆ ಹಸಿರಾಗುವುದು ಹೊಸದೇನಲ್ಲ. ಅದನ್ನು ನಾನೇ ತರಗತಿಯಲ್ಲಿ ತೋರಿಸಿದ್ದೇನೆ. ಆದರೆ ಆ ನೀರು? ಸೂರು ಸೋರಿರಲಿಲ್ಲ, ಬೀರುವಿನ ಹಿಂದಿನ ಗೋಡೆಯಲ್ಲಿ ನಲ್ಲಿಯಿರಲಿಲ್ಲ, ವಾರದಿಂದ ಮಳೆಯೂ ಇರಲಿಲ್ಲ.

ಅದನ್ನು ಗಾಜಿನ ತಟ್ಟೆಯಲ್ಲಿಟ್ಟುಕೊಂಡು, ನೆಡಲು ಜಾಗ ಹುಡುಕಿ ಅಲೆದೆ. ಹತ್ತಿರದ ಕೆರೆಯಂಚಿಗೆ ಕಲ್ಲು ಕಟ್ಟಿದ್ದರು. ಬಸವನಗುಡಿಯ ಕಡೆ ನನಗೆ ಗೊತ್ತಿದ್ದ ಒರತೆಯ ಮೇಲೆ ಕಾಂಕ್ರೀಟು ಬಿದ್ದಿತ್ತು. ಚಾಮರಾಜಪೇಟೆಯ ಹಳೇ ಬಾವಿ ಬತ್ತಿಹೋಗಿತ್ತು. ಮನೆಯಲ್ಲಿ ನಲ್ಲಿ ನೀರು ಹಾಕಿದೆ, ಮಳೆ ನೀರು ಹಿಡಿದು ಹಾಕಿದೆ. ತಿಂಗಳು ತುಂಬುವುದರೊಳಗೆ ಕಪ್ಪಾಗಿ ಕೊಳೆಯಿತು.

ಆ ನೀರು ಎಲ್ಲಿಂದ ಬಂತೋ, ಯಾಕೆ ಬಂತೋ ನನಗೆ ಇವತ್ತಿಗೂ ತಿಳಿಯದು. ಬಂದದ್ದನ್ನು ಇಡಲು ಅಂಗೈಯಗಲ ಒದ್ದೆ ನೆಲ ಇಷ್ಟು ದೊಡ್ಡ ಊರಿನಲ್ಲಿ ನನಗೆ ಸಿಗಲಿಲ್ಲ.