ಎಂಟು ಮೀಟರ್ ತಪ್ಪು

ಆಟದ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದೂ ಒಂದು ಕೆಲಸವೇ ಎಂದು ಯಾರಾದರೂ ಕೇಳಿದರೆ ಸುಣ್ಣಪ್ಪ ಮೊದಲೆಲ್ಲ ಸಿಟ್ಟಾಗುತ್ತಿದ್ದ. ಈಗ ತಾನೇ ಮುಂದಾಗಿ ಹೇಳಿಕೊಳ್ಳುತ್ತಾನೆ: "ಇಪ್ಪತ್ತೇಳು ವರ್ಷ ನೆಲ ನೋಡ್ಕೊಂಡೇ ನಡೆದಿದೀನಿ ಸ್ವಾಮಿ. ಇಷ್ಟು ತಲೆ ತಗ್ಗಿಸಿದ ಮನುಷ್ಯ ನಿಮಗೆ ಇನ್ನೊಬ್ಬ ಸಿಗಲ್ಲ." ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಹುಬ್ಬು, ಮೀಸೆ, ಚಪ್ಪಲಿ ಎಲ್ಲ ಬೆಳ್ಳಗಿದ್ದವು. ಅವನ ಕೂದಲು ನಿಜವಾಗಿ ನರೆತಿದ್ದು ಯಾವಾಗ ಎಂದು ಹೆಂಡತಿಗೂ ಗೊತ್ತಾಗಲಿಲ್ಲ.

ಮೈದಾನದ ಹಿಂದಿನ ಬಾಲಮಂದಿರದ ಹುಡುಗಿಯರು ಆರು ತಿಂಗಳಿಂದ ಬೆಳಿಗ್ಗೆ ಓಡಲು ಬರುತ್ತಿದ್ದರು. ಮನೆ ಇಲ್ಲದವರು, ಮನೆ ಇದ್ದೂ ಬೇಡವಾದವರು. ನಿದ್ದೆ ಬಾರದ, ಊಟ ಸೇರದ ಈ ಮಕ್ಕಳಿಗೆ ಮಾತ್ರೆಯ ಜೊತೆ ಒಂದಿಷ್ಟು ಬೆವರೂ ಬೇಕು ಎಂದು ಡಾಕ್ಟರಮ್ಮ ಹೇಳಿದ್ದರಂತೆ. ಅವರಲ್ಲಿ ಹದಿನೈದು ವರ್ಷದ ಒಬ್ಬಳನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ಮೂರು ಸಂಬಂಧಿಕರ ಮನೆ ದಾಟಿ ಬಂದವಳು. ಮೂರೂ ಕಡೆ 'ನೀನು ಬಂದ ಮೇಲೇ ಹೀಗಾಯ್ತು' ಎಂದು ಕೇಳಿ ಕೇಳಿ, ಒಲೆಯ ಮೇಲೆ ಹಾಲು ಉಕ್ಕಿದರೂ, ಬೀದಿಯಲ್ಲಿ ಕರೆಂಟು ಹೋದರೂ "ನಂದೇ ತಪ್ಪು" ಎನ್ನುತ್ತಿದ್ದಳು. ಹಾಗೆಂದು ಗೋಡೆಗೆ ಮುಖ ಮಾಡಿ ಮಲಗಿದರೆ ಎರಡು ದಿನ ಏಳುತ್ತಿರಲಿಲ್ಲ.

ಓಟ ಅವಳನ್ನು ಎಬ್ಬಿಸಿತು. ಎರಡು ಸುತ್ತು, ನಾನೂರು ಮೀಟರ್, ಎಪ್ಪತ್ತು ಸೆಕೆಂಡು. ದೊಡ್ಡ ಕ್ರೀಡಾಕೂಟದ ಆಯ್ಕೆಗೆ ಎಪ್ಪತ್ತೊಂದು ಸಾಕಿತ್ತು. ಆ ಎಪ್ಪತ್ತನ್ನು ಚೀಟಿಯಲ್ಲಿ ಬರೆದು ಮಂಚದ ತಲೆದೆಸೆಗೆ ಅಂಟಿಸಿಕೊಂಡಳು. "ಈಗ ತಟ್ಟೆ ಹಿಡ್ಕೊಂಡು ಎರಡನೇ ಸಲ ಬರ್ತಾಳೆ ಕಣ್ರೀ" ಎಂದು ವಾರ್ಡನಮ್ಮ ಕಣ್ಣೊರೆಸಿಕೊಂಡರು. ಸುಣ್ಣಪ್ಪನೋ, ಗೆರೆ ಯಾರದು ಎಂಬಂತೆ ಮೀಸೆ ತಿರುವಿದ. ಮೀಸೆಯಿಂದ ಸುಣ್ಣ ಉದುರಿತು.

ಆಯ್ಕೆಗೆ ನಾಲ್ಕು ದಿನ ಇದೆ ಎನ್ನುವಾಗ ಕಚೇರಿಯಿಂದ ಹೊಸ ಅಳತೆ ಟೇಪು ಬಂತು. ಅದನ್ನು ಹಳೆಯದರ ಪಕ್ಕ ಹಾಸಿ ನೋಡಿದ ಸುಣ್ಣಪ್ಪ ನಂಬದೆ ಮತ್ತೊಮ್ಮೆ ಹಾಸಿ ನೋಡಿದ. ಐವತ್ತು ಮೀಟರಿನ ಹಳೆಯ ಟೇಪು ಒಂದು ಮೀಟರ್ ಗಿಡ್ಡವಾಗಿತ್ತು. ಹೋದ ವರ್ಷ ರೋಲರ್ ಹತ್ತಿ ಅದು ತುಂಡಾಗಿತ್ತು. ಹೊಸದಕ್ಕೆ ಅರ್ಜಿ ಬರೆಯಲು ಮೈಗಳ್ಳತನ. ಜಜ್ಜಿಹೋದ ಭಾಗ ಕತ್ತರಿಸಿ ಎಸೆದು, ಉಳಿದ ತುದಿಗಳನ್ನು ಸೇರಿಸಿ ಹೊಲಿದು, ಹೊಲಿಗೆ ನೋಡಿ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ ಮಹಾನುಭಾವ. ಒಂದು ಸುತ್ತು ಅಳೆಯಲು ನಾಲ್ಕು ಟೇಪು, ಎರಡು ಸುತ್ತೆಂದರೆ ಎಂಟು. ಅಲ್ಲಿಗೆ ಆ ಹುಡುಗಿಯ ಎಂಟು ಮೀಟರ್ ನುಂಗಿ ನೀರು ಕುಡಿದಿದ್ದ.

"ಹೇಳಿದ್ರೆ ಮತ್ತೆ ಗೋಡೆಗೆ ಮುಖ ಮಾಡ್ತಾಳೆ ಕಣೇ" ಎಂದ ಹೆಂಡತಿಯ ಹತ್ತಿರ.

"ಹೇಳದಿದ್ರೆ?"

"ಅಲ್ಲಿ ಎಲ್ಲರ ಮುಂದೆ ಸೋತು ಬಂದು ಮಾಡ್ತಾಳೆ."

"ಹಾಗಾದ್ರೆ ಲೆಕ್ಕ ಇಷ್ಟೇ. ಒಂದರಲ್ಲಿ ನಿಮ್ಮ ಮರ್ಯಾದೆ ಹೋಗುತ್ತೆ, ಇನ್ನೊಂದರಲ್ಲಿ ಅವಳದ್ದು. ನಿಮ್ಮದು ಹೋದ್ರೆ ಹುಡುಕೋಕೆ ಯಾರೂ ಬರಲ್ಲ, ಹೋಗಿ ಹೇಳಿ."

ಬೆಳಿಗ್ಗೆ ಕಡ್ಡಿಯನ್ನು ಕರೆದು ಶುರುಮಾಡಿದ. "ನೋಡಮ್ಮಾ, ಈ ಟೇಪು ಇದೆಯಲ್ಲ... ಬಿಸಿಲಿಗೆ... ಆ ರೋಲರ್ ಓಡಿಸೋನು ಬೇರೆ..." ತನ್ನ ಮಾತಿಗೆ ತನಗೇ ಹೇಸಿಗೆಯಾಯಿತು. ನಿಜ ಸಂಗತಿಯನ್ನು ಒಂದೇ ಉಸಿರಿಗೆ ಕಕ್ಕಿದ.

ಹುಡುಗಿಯ ಮುಖ ಸಣ್ಣಗಾಯಿತು. ಅಲ್ಲೇ ಕುಸಿದು ಕೂತಳು. "ನಂದೇ ತಪ್ಪು. ನಾನೆಲ್ಲಿ ಅಷ್ಟು ಜೋರಾಗಿ ಓಡೋಳು? ನನಗೇ ಗೊತ್ತಾಗ್ಬೇಕಿತ್ತು."

ಸುಣ್ಣಪ್ಪನಿಗೆ ಪಿತ್ತ ನೆತ್ತಿಗೇರಿತು. "ಏಯ್! ಕತ್ತರಿಸಿದೋನು ನಾನು, ಹೊಲಿದೋನು ನಾನು, ಅಳೆದು ನೋಡದೆ ಜಂಬ ಪಟ್ಟೋನು ನಾನು. ಇಪ್ಪತ್ತೇಳು ವರ್ಷದಲ್ಲಿ ನಾನು ಅಚ್ಚುಕಟ್ಟಾಗಿ ಮಾಡಿರೋದು ಈ ತಪ್ಪೊಂದೇ. ಅದನ್ನೂ ನೀನೇ ಹೊಡ್ಕೊಂಡು ಹೋಗ್ತೀಯಾ? ಕೊಡಲ್ಲ! ತಪ್ಪು ನಂದು!"

ಓಡುತ್ತಿದ್ದವರೆಲ್ಲ ನಿಂತು ನೋಡಿದರು. ಕಡ್ಡಿ ಪಿಳಿಪಿಳಿ ಕಣ್ಣು ಬಿಟ್ಟಳು.

"ಇನ್ನೊಂದ್ಸಲ ಹೇಳಿ."

"ಏನನ್ನ?"

"ಅದೇ... ತಪ್ಪು ಯಾರದು ಅಂತ."

"ನಂದು ಕಣಮ್ಮಾ, ನಂದು!" ಬಾಲಮಂದಿರದ ಕಿಟಕಿಗಳಿಗೂ ಕೇಳುವಂತೆ ಕೂಗಿದ. ದೊಡ್ಡವರೊಬ್ಬರ ಬಾಯಲ್ಲಿ ಅವಳು ಆ ಮಾತು ಕೇಳಿದ್ದು ಅದೇ ಮೊದಲು.

ಹೊಸ ಟೇಪಿನಲ್ಲಿ ಅಳೆದು ಹೊಸ ಗೆರೆ ಎಳೆದ. ಕಡ್ಡಿ ಓಡಿದಳು. ವಾರ್ಡನಮ್ಮ ಗಡಿಯಾರ ನೋಡಿ ತುಟಿ ಕಚ್ಚಿಕೊಂಡರು. ಎಪ್ಪತ್ತೊಂದೂವರೆ. ಅರ್ಧ ಸೆಕೆಂಡು ಹೆಚ್ಚು. ಕಡ್ಡಿ ತಿರುಗಿಯೂ ನೋಡದೆ ಒಳಗೆ ಹೋದಳು.

ಆ ದಿನವೆಲ್ಲ ಸುಣ್ಣಪ್ಪ ತನ್ನನ್ನು ತಾನೇ, ಬಾಯಿ ಮುಚ್ಕೊಂಡು ಇರಬಾರದಿತ್ತೇ ದಡ್ಡ ಮುಂಡೇದೇ ಎಂದು ಬೈದುಕೊಂಡ. ಮಾರನೆಯ ಬೆಳಿಗ್ಗೆ ಕಾಲೆಳೆಯುತ್ತ ಬಂದರೆ ಸಾಮಾನು ಕೋಣೆಯ ಬಾಗಿಲಲ್ಲಿ ಕಡ್ಡಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಎಷ್ಟು ಹೊತ್ತು ಕಾಯೋದು? ನಿನ್ನೆ ಆ ತಿರುವಿನಲ್ಲಿ ಟೇಪು ಸಡಿಲ ಬಿಟ್ಟಿದ್ರಿ, ನಾನು ನೋಡ್ದೆ. ಇನ್ನೊಂದ್ಸಲ ಅಳೀಬೇಕು. ಈ ತುದಿ ನಾನು ಹಿಡ್ಕೋತೀನಿ."

"ಮತ್ತೂ ತಪ್ಪಾದ್ರೆ?" ಎಂದ ಸುಣ್ಣಪ್ಪ, ಹೆದರುತ್ತಲೇ.

ಕಡ್ಡಿ ಸ್ವಲ್ಪ ಯೋಚಿಸಿದಳು.

"ಅರ್ಧ ನಿಮ್ಮದು" ಎಂದು ಟೇಪಿನ ತುದಿ ಹಿಡಿದುಕೊಂಡು ಓಡಿದಳು.