ಉಸ್ಮಾನಸಾಬ ಕಿತ್ತು ಹಾಕಿದ ಬೆಸುಗೆ

ಶಹಾಪುರದಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಮುರಿದರೆ ಜನ ಉಸ್ಮಾನಸಾಬನ ಅಂಗಡಿಗೇ ಬರುತ್ತಾರೆ, ಬಂದು ಬೈಯುತ್ತಾರೆ. ವೆಲ್ಡಿಂಗ್ ರಾಡುಗಳನ್ನು ಡಬ್ಬಿಯಲ್ಲಿಟ್ಟು ಒಲೆಯ ಮೇಲೆ ಕಾಸಿ, ಅವುಗಳ ಪಸೆ ಪೂರ್ತಿ ಆರಿದ ಮೇಲೆಯೇ ಆತ ಕೆಲಸಕ್ಕೆ ಕೈ ಹಚ್ಚುವುದು. ಅರ್ಧ ತಾಸಿನ ಕೆಲಸಕ್ಕೆ ಎರಡು ತಾಸು. "ಇದೇನ್ ಸಬ್‌ಮರೀನ್ ಏನ್ರಿ?" ಎಂದು ಗಿರಾಕಿಗಳು ರೇಗಿಸುತ್ತಾರೆ. ರೇಗಿಸಲಿ ಪಾಪ. ಆತ ನಿಜವಾಗಿಯೂ ಸಬ್‌ಮರೀನ್ ಕಟ್ಟಿದವನು, ಮುಂಬೈಯ ಹಡಗುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ಬೆಸುಗೆ ಹಾಕಿದವನು.

ಅವನ ಕಥೆ ಕೇಳಿ ಕೇಳಿಯೇ ಅದೇ ಓಣಿಯ ಮಾನಮ್ಮನ ಮಗ ಮರಿಲಿಂಗ ನೌಕಾದಳ ಸೇರಿದ. ಕೆಲಸ ಬಿದ್ದದ್ದೂ ಉಸ್ಮಾನಸಾಬ ಕಟ್ಟಿದ ಸಬ್‌ಮರೀನಿನಲ್ಲೇ.

ಹೋದ ಚಳಿಗಾಲದ ಒಂದು ಮಧ್ಯಾಹ್ನ ಉಸ್ಮಾನಸಾಬನ ಹೆಂಡತಿ ಶರೀಫಾಬೀ ಹಿಂದಿ ವಾರ್ತೆ ಹಚ್ಚಿಕೊಂಡು ಕೂತಿದ್ದಳು. ಪನಡುಬ್ಬಿ, ಪನಡುಬ್ಬಿ ಎಂದು ಟಿವಿಯವನು ಗಂಟಲು ಹರಿಯುವಂತೆ ಅರಚುತ್ತಿದ್ದ. ಇವಳ ಕಿವಿಗೆ ಬಿದ್ದದ್ದು 'ಡುಬ್ಬಿ' ಒಂದೇ, ಕಣ್ಣಿಗೆ ಬಿದ್ದದ್ದು ಗಂಡ ಕಟ್ಟಿದ ಸಬ್‌ಮರೀನಿನ ಚಿತ್ರ. "ಡೂಬೀ ಕತೆ!" ಅಂದರೆ ಮುಳುಗಿತಂತೆ ಎಂದು, ಬಾಗಿಲಿಗೆ ಬಂದು ತನ್ನ ಉರ್ದುವಿನಲ್ಲಿ ಕೂಗಿಕೊಂಡಳು. ಓಣಿಗೆ ಅಷ್ಟು ಸಾಕಾಯಿತು.

ಮಾನಮ್ಮ ಹಿಟ್ಟಿನ ಕೈಯಲ್ಲೇ ಅಂಗಡಿಗೆ ಓಡಿ ಬಂದಳು. "ಅಣ್ಣಾ, ಮುಳುಗೇತಂತ! ನನ್ ಮಗ ಅದರಾಗ ಅದಾನ!"

ಅಂಗಡಿಯ ಹಿಂದೆಯೇ ಮನೆ. ಉಸ್ಮಾನಸಾಬ ಒಳಗೆ ಹೋಗಿ ವಾರ್ತೆ ನೋಡಿ ಬಂದ. "ಮುಳುಗಿಲ್ಲವ್ವ. ಹಿಂದಿಯೊಳಗ ಸಬ್‌ಮರೀನಿಗೆ ಪನಡುಬ್ಬಿ ಅಂತಾರ. ನೀರಿಂದ ಮ್ಯಾಲ ಬರುವಾಗ ಸರಕಿನ ಹಡಗಿಗೆ ಬಡದೈತಿ."

ಒಳಗಿದ್ದವರ ಸುದ್ದಿ ಮಾತ್ರ ಇನ್ನೂ ಬಂದಿರಲಿಲ್ಲ. ಮರಿಲಿಂಗನ ಫೋನ್ ಹತ್ತುತ್ತಿರಲಿಲ್ಲ.

"ಕಟ್ಟಿದವರು ನೀವು. ನೀವೇ ಹೇಳ್ರಿ, ಅದು ತಡೀತೈತೇನು?"

ಬೇರೆ ಯಾರಾದರೂ ಆಗಿದ್ದರೆ ಏನೂ ಆಗುವುದಿಲ್ಲ ಬಿಡವ್ವ ಎಂದು ಬಾಯಿಮಾತಿಗೆ ಹೇಳಿ ಸಾಗಹಾಕುತ್ತಿದ್ದರು. ಈ ಮನುಷ್ಯನಿಗೆ ಆ ವಿದ್ಯೆ ಬರದು. ಅವಳೆದುರು ಸ್ಟೂಲ್ ಎಳೆದುಕೊಂಡು ಕೂತು, ಊರಿನಲ್ಲಿ ಯಾರಿಗೂ ಹೇಳದ ಮಾತನ್ನು ಹೇಳಿದ.

ಒಂದು ಮಳೆಗಾಲ ಹಡಗುಕಟ್ಟೆಯಲ್ಲಿ ರಾಡು ಕಾಸುವ ಭಟ್ಟಿ ಕೆಟ್ಟಿತ್ತು. ಅದು ಗೊತ್ತಾಗದೆ ಇವನು ಪಸೆ ಹಿಡಿದ ರಾಡುಗಳಿಂದಲೇ ಇದೇ ಸಬ್‌ಮರೀನಿನ, ಸಮುದ್ರದ ಒತ್ತಡ ತಡೆಯುವ ಒಳಗೋಡೆಯ ಒಂದು ಸುತ್ತು ಬೆಸೆದುಬಿಟ್ಟ. ಎಕ್ಸ್‌ರೇಯಲ್ಲಿ ದೋಷ ಕಾಣಲಿಲ್ಲ, ಸಾಹೇಬರು ಸಹಿಯನ್ನೂ ಹಾಕಿದರು. ಆದರೆ ಅಂಥ ಬೆಸುಗೆ ಇವತ್ತು ನೆಟ್ಟಗಿದ್ದು ನಾಳೆ ಒಳಗೊಳಗೇ ಸೀಳಬಹುದು. ಭಟ್ಟಿ ಕೆಟ್ಟದ್ದು ತಿಳಿದ ಕೂಡಲೇ ತಾನೇ ಹೋಗಿ ಒಪ್ಪಿಕೊಂಡ. ಹದಿನೆಂಟು ದಿನ ಅದನ್ನೆಲ್ಲ ಕಿತ್ತು ಹೊಸದಾಗಿ ಬೆಸೆದ. ಬರಲಿದ್ದ ಬಡ್ತಿ ತಪ್ಪಿತು. ಜೊತೆಯವರು ಹುಚ್ಚ ಎಂದು ನಕ್ಕರು.

"ಎಕ್ಸ್‌ರೇದಾಗ ಪಾಸ್ ಆಗಿದ್ದನ್ನ ಯಾಕ ಕಿತ್ತ್ರಿ?" ಎಂದಳು ಮಾನಮ್ಮ.

"ಒಳಗ ಮಂದಿ ಇರ್ತಾರಲ್ಲವ್ವ." ಎಂದ ಉಸ್ಮಾನಸಾಬ. "ಉಳಿದವರದು ನನಗ ಗೊತ್ತಿಲ್ಲ. ನಾ ಬೆಸೆದದ್ದು ಬಿಡೂದಿಲ್ಲ."

ಮಾನಮ್ಮ ಮನೆಗೆ ಹೋಗಲಿಲ್ಲ. ಅವನೂ ಮಷಿನ್ ಬಂದ್ ಮಾಡಿ, ಬಂದ ಗಿರಾಕಿಗಳನ್ನು ವಾಪಸ್ ಕಳಿಸಿ, ಅವಳ ಜೊತೆಗೇ ಕೂತ. ಹೊತ್ತು ಇಳಿಯುವಾಗ ಫೋನ್ ಬಂತು.

"ಯವ್ವಾ, ದಂಡಿಗೆ ಬಂದೀವಿ, ಎಲ್ಲಾರೂ ಆರಾಮ ಅದೀವಿ. ಆ ಹಡಗಿನವರೂ ಆರಾಮ ಅದಾರ. ಹೊರಗಿನ ತಗಡು ಆಳುದ್ದ ನಗ್ಗೇತಿ. ಒಳಗಿನ ಗ್ವಾಡಿಗೆ ಒಂದು ಕೂದಲಷ್ಟೂ ಬಿರುಕಿಲ್ಲಂತ ಉಸ್ಮಾನ ಕಾಕಾಗ ಹೇಳು."

ಮಾನಮ್ಮ ಫೋನ್ ಕೆಳಗಿಟ್ಟಳು. ಕಿಡಿ ಹಾರಿ ಸುಟ್ಟ ಕಲೆಗಳಿಂದ ತುಂಬಿದ್ದ ಅವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ಉಸ್ಮಾನಸಾಬ ನಾಚಿ ಕೈ ಎಳೆದುಕೊಳ್ಳಲು ನೋಡಿದ. "ನಾ ಒಬ್ಬನೇ ಅಲ್ಲವ್ವ, ನಾನೂರು ಮಂದಿ ಕೂಡಿ ಕಟ್ಟೀವಿ."

"ಅವರ ಕೈ ನನಗೆಲ್ಲಿ ಸಿಗಬೇಕಣ್ಣಾ?" ಎಂದಳು ಮಾನಮ್ಮ.