ಸಾವಿತ್ರೆವ್ವನ ಹಾಡಿನ ಡಬ್ಬಿ ಮತ್ತು ಒಣಗಿದ ಬನ್ನಿ

ಓದುವ ತಾಯಂದಿರೇ, ಅಣ್ಣಗಳಿರಾ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಕೆಳಗಿಟ್ಟು ನನ್ನ ಮಾತಿಗೆ ಕಿವಿಗೊಡಿರಿ. ನಾನು ಹೇಳಹೊರಟಿರುವುದು ಪುರಾತನರ ಪವಾಡವಲ್ಲ. ಬೆಟಗೇರಿಯ ನೇಕಾರರ ಓಣಿಯಲ್ಲಿ ರಾಟೆಯ ಮುಂದೆ ಕುಳಿತು ಬಾಳು ಸವೆಸಿದ ಸಾವಿತ್ರೆವ್ವನೆಂಬ ಹೆಣ್ಣುಮಗಳ ಕಥೆ. ಇದರಲ್ಲಿ ಆ ಓಣಿಯ ಮಠದಲ್ಲಿ ಪುರಾಣ ಹೇಳುವ ನನ್ನದೊಂದು ತಪ್ಪೂ ಸೇರಿದೆ, ಅದನ್ನು ಮುಚ್ಚಿಡುವುದಿಲ್ಲ.

ಲಾಳಿಯೊಳಗೆ ಕೂಡಿಸುವ ನೂಲಿನ ಪುಟ್ಟ ಸುರುಳಿಗೆ ನಮ್ಮಲ್ಲಿ ಕಂಡಿಕೆ ಎನ್ನುತ್ತಾರೆ. ಮಗ ವೀರೇಶ ಮಗ್ಗದಲ್ಲಿ ಸೀರೆ ನೇಯುತ್ತಿದ್ದರೆ ತಾಯಿ ಪಡಸಾಲೆಯಲ್ಲಿ ಕಂಡಿಕೆ ಸುತ್ತುವಳು, ಸುತ್ತುತ್ತ ಹಾಡುವಳು. ರಾಟೆ ಒಂದು ಸುತ್ತು ಬಂದರೆ ಹಾಡಿನ ಒಂದು ನಡೆ ಮುಗಿಯಬೇಕು, ಅದು ಅವಳ ಲೆಕ್ಕ. ಅತ್ತೆಯಿಂದ ಕಲಿತ ನಲವತ್ತು ಹಾಡುಗಳು ಅವಳ ಬಳಿ ಇದ್ದವು: ಸೋಬಾನ, ತೊಟ್ಟಿಲ ಹಾಡು, ಬೀಸುವ ಹಾಡು. ಅಕ್ಷರ ಬಾರದ ಆ ತಾಯಿಗೆ ಅವೇ ಒಡವೆ. ಸುತ್ತಲಿನ ಊರುಗಳಲ್ಲಿ ಮದುವೆಯಾದರೆ, ಕೂಸಿಗೆ ಹೆಸರಿಟ್ಟರೆ ಅವಳಿಗೆ ಕರೆ ಬರುತ್ತಿತ್ತು.

ಆಚೆಯ ಮನೆ ಲಾಲಬಿಯದು. ಲಾಲಬಿಯೂ ಕಂಡಿಕೆ ಸುತ್ತುವವಳೇ. ಎರಡು ಮನೆಗಳ ನಡುವೆ ಎದೆಯೆತ್ತರದ ಒಂದೇ ಮಣ್ಣಿನ ಗೋಡೆ. ಮೂವತ್ತು ವರ್ಷ ಆ ಗೋಡೆಯ ಮೇಲಿಂದ ಕೊತ್ತಂಬರಿ ದಾಟಿದೆ, ಕಿಚ್ಚಿನ ಕೆಂಡ ದಾಟಿದೆ, ರಮಜಾನ ಹಬ್ಬದ ಸುರಕುಂಬಾ ಪಾಯಸ ದಾಟಿದೆ, ದಸರೆಯ ಬನ್ನಿ ದಾಟಿದೆ.

ಒಮ್ಮೆ ಹಿರೇಹಂದಿಗೋಳದಲ್ಲಿ ಕೂಸಿಗೆ ಹೆಸರಿಡುವ ದಿನ, ತೊಟ್ಟಿಲ ಮುಂದೆ ನಿಂತ ಸಾವಿತ್ರೆವ್ವನ ಬಾಯಿಂದ ಮುಂದಿನ ಸಾಲು ಬರಲಿಲ್ಲ. ಹೆಂಗಸರು ಕಾದರು. ಕೂಸು ಅತ್ತಿತು. ಸಾಲು ಬರಲೇ ಇಲ್ಲ. ಮನೆಗೆ ಬಂದವಳು ಸೊಸೆ ಸುಶ್ಮಿತಾಳಿಗೆ ಹೇಳಿದಳು: “ಹಾಡು ಒಂದೊಂದ ನನ್ನ ಬಿಟ್ಟು ಹೊಂಟಾವವ್ವಾ. ನೀ ಜಲ್ದಿ ಕಲಿ.” ಮುಂಡರಗಿಯಿಂದ ಬಂದ ಆ ಹುಡುಗಿಗೆ ಕಲಿಯುವ ಆಸೆಯಿತ್ತು, ಆದರೆ ಕೇಳಿದ್ದು ಮರುದಿನ ಮರೆಯುತ್ತಿತ್ತು.

ಇದು ಹದಿನೇಳು ಹದಿನೆಂಟು ವರ್ಷದ ಹಿಂದಿನ ಮಾತು. ಆಗ ಗದಗದ ಪೇಟೆಗೆ ಬೆರಳುದ್ದದ ಹಾಡಿನ ಯಂತ್ರಗಳು ಹೊಸದಾಗಿ ಬಂದಿದ್ದವು. ಎಂಪಿತ್ರೀ ಎಂದು ಹೆಸರು. ಕ್ಯಾಸೆಟ್ಟಿಲ್ಲ, ಕರೆಂಟಿಲ್ಲ, ಒಂದು ಪೆನ್ಸಿಲ್ ಸೆಲ್ ಹಾಕಿ ತಂತಿಯನ್ನು ಕಿವಿಗೆ ಸಿಕ್ಕಿಸಿಕೊಂಡರೆ ಆಯಿತು. ಕೊಂಡವರ ಅನುಭವ ಮಾತ್ರ ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ. ಕಾಳಿನ ವ್ಯಾಪಾರಿ ಕೊಟ್ರಪ್ಪನವರದು ಮೂರು ತಿಂಗಳು ಚೆನ್ನಾಗಿ ಹಾಡಿ, ಆಮೇಲೆ ಎಡಗಿವಿಗಷ್ಟೇ ಹಾಡತೊಡಗಿತು. “ನಮ್ಮ ಮನ್ಯಾಕಿ ಹಂಗ ಅದ, ಪುರಾಣಿಕರ. ಒಂದ ಕಡಿಯಿಂದ ಮಾತಾಡತೈತಿ, ನಾ ಹೇಳಿದ್ದು ಕೇಳಂಗಿಲ್ಲ,” ಎಂದು ಅವರು ನಗುತ್ತಿದ್ದರು. ನಾನೂ ಪ್ರವಚನ ತುಂಬಿಸಿಡಲೆಂದು ಒಂದನ್ನು ಕೊಂಡೆ. ಅದು ಒಂದು ತಾಸಿನ ಮಾತಿನಲ್ಲಿ ಹತ್ತೇ ನಿಮಿಷ ಉಳಿಸಿಕೊಂಡು ಉಳಿದದ್ದನ್ನು ನುಂಗಿತು. ಅಂದಿನಿಂದ ಆ ಜಾತಿಯ ಯಂತ್ರದ ಮೇಲೆ ನನಗೆ ಒಳಗೊಳಗೇ ಅನುಮಾನ.

ಲಾಲಬಿಯ ಮಗ ವಸೀಮ ಬೆಟಗೇರಿ ಬಸ್‌ ನಿಲ್ದಾಣದ ಹತ್ತಿರ ಇಂಥ ಯಂತ್ರ ಮಾರುವ, ರಿಪೇರಿ ಮಾಡುವ, ಹಾಡು ತುಂಬಿಕೊಡುವ ಅಂಗಡಿ ಇಟ್ಟಿದ್ದ. ಸಾವಿತ್ರೆವ್ವನ ಸಂಕಟ ತಾಯಿಯಿಂದ ತಿಳಿದು, ದನಿ ಹಿಡಿಯುವ ಒಂದು ಯಂತ್ರವನ್ನು ತಂದ.

“ದೊಡ್ಡವ್ವ, ನೀವು ಹಾಡ್ರಿ. ಇದು ಹಿಡಕೊಂಡು ಇಟಗೊಂತೈತಿ.”

ಅವಳು ಯಂತ್ರವನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. “ಇದರಾಗ ಹೋದ ಮ್ಯಾಲ ನನ್ನ ತಲ್ಯಾಗ ಉಳಿತಾವೇನು?”

“ಕನ್ನಡ್ಯಾಗ ಮಾರಿ ನೋಡಕೊಂಡ್ರ ಮಾರಿ ಖಾಲಿ ಆಗತೈತೇನ ದೊಡ್ಡವ್ವ?”

“ನಿನ್ನ ಅಂಗಡ್ಯಾಗಿನ ಕಂಪ್ಯೂಟರಿಗೆ ಹಾಕ್ಕೊಂಡು ಮಂದಿಗೆ ಮಾರಿದಿ ಅಂದ್ರ ನೋಡ ಮತ್ತ!”

“ಇಲ್ಲರೀ. ನಮ್ಮ ಅಮ್ಮೀ ಕಾಲಿನ ಆಣಿ, ಇದರಾಗಿಂದು ಇದರಾಗ ಇರತೈತಿ.”

ಹನ್ನೊಂದು ದಿನ ಮಧ್ಯಾಹ್ನ ಅವಳು ರಾಟೆಯ ಮುಂದೆ ಹಾಡಿದಳು, ಅವನು ಯಂತ್ರ ಹಿಡಿದು ಕುಳಿತ. ನಲವತ್ತು ಹಾಡುಗಳೂ ಒಳಗೆ ಸೇರಿದವು. ಸುಶ್ಮಿತಾ ಕಿವಿಗೆ ಸಿಕ್ಕಿಸಿಕೊಂಡು ರೊಟ್ಟಿ ಬಡಿಯುತ್ತ ಕಲಿಯತೊಡಗಿದಳು. ಸಾವಿತ್ರೆವ್ವ ಅದಕ್ಕೆ ಹಾಡಿನ ಡಬ್ಬಿ ಎಂದು ಹೆಸರಿಟ್ಟು, ತನ್ನ ಸೀರೆಯ ಸೆರಗು ಹರಿದು ಚೀಲ ಹೊಲಿದಳು.

ದಸರೆ ಬಂತು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ನಮ್ಮ ನೇಕಾರರ ಮನೆಯಲ್ಲಿ ಮಗ್ಗ ನಿಲ್ಲುತ್ತದೆ. ಲಾಳಿ, ಕತ್ತರಿ, ರಾಟೆ, ಅನ್ನ ಕೊಡುವ ಎಲ್ಲ ಸಾಮಾನುಗಳನ್ನೂ ದೇವರ ಜಗುಲಿಯ ಮುಂದೆ ಇಟ್ಟು ಪೂಜಿಸುತ್ತಾರೆ. ಸಾವಿತ್ರೆವ್ವ ಆ ವರ್ಷ ತನ್ನ ಹಾಡಿನ ಡಬ್ಬಿಯನ್ನೂ ಅವುಗಳ ಸಾಲಿನಲ್ಲಿ ನಿಲ್ಲಿಸಿ ಕೈಮುಗಿದಳು.

ಮರುದಿನ ಬೆಳಿಗ್ಗೆ ಸುಶ್ಮಿತಾ ಕಿವಿಗೆ ಸಿಕ್ಕಿಸಿಕೊಂಡರೆ ದನಿಯಿಲ್ಲ. ಯಂತ್ರದ ಪುಟ್ಟ ಗಾಜಿನಲ್ಲಿ ಅಂಕಿ ಓಡುತ್ತಿತ್ತು. ಒಂದು, ಎರಡು, ಮೂರು ಎಂದು ಹಾಡಿನ ಸಂಖ್ಯೆ ಬದಲಾಗುತ್ತಿತ್ತು. ಹಾಡು ಮಾತ್ರ ಕೇಳದು. ಹೊಸ ಸೆಲ್ ಹಾಕಿದರು. ಕಿವಿಯ ತಂತಿ ಬದಲಿಸಿದರು. ಊಹೂಂ.

“ನೀ ಏನರೆ ಒತ್ತಿದ್ಯೇನು?” ಎಂದಳು ಅತ್ತೆ.

“ನಾ ಯಾಕ ಒತ್ತಲಿ ಅತ್ತಿ? ಕಲಿಯಾಕಿ ನಾನ, ಅಳಿಸಾಕಿನೂ ನಾನ ಏನು?” ಸೊಸೆಯ ಕಣ್ಣಲ್ಲಿ ನೀರು ಬಂತು.

ಸಂಶಯ ಮನೆಯೊಳಗೆ ನಿಲ್ಲಲು ಜಾಗ ಸಿಗದೆ ಗೋಡೆ ದಾಟಿತು. ಖಂಡೇಪೂಜೆಯ ಹಿಂದಿನ ದಿನ ವಸೀಮ ಬಂದು ಸೆಲ್ ಬದಲಿಸಿ ಹೋಗಿದ್ದ. ಸಾವಿತ್ರೆವ್ವನಿಗೆ ಅಷ್ಟೇ ಸಾಕಾಯಿತು. “ಅಂಕಿ ಓಡತಾವ, ಹಾಡಿಲ್ಲ. ಅಂದ್ರ ಸಿಪ್ಪಿ ಬಿಟ್ಟು ತಿರುಳು ತಗೊಂಡ ಹೋಗ್ಯಾನ.” ಅವನ ಬಳಿ ಒಯ್ದು ತೋರಿಸೋಣವೆಂದು ವೀರೇಶ ಅಂದರೆ, “ಕಳ್ಳನ ಕೈಯಾಗ ಮತ್ತ ಕೊಡಲೇನು?” ಎಂದು ಡಬ್ಬಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು.

ಅಂದೇ ವಿಜಯದಶಮಿ. ನಮ್ಮ ಸೀಮೆಯಲ್ಲಿ ಅಂದು ಸಂಜೆ ಬನ್ನಿಯ ಎಲೆ ಹಿಡಿದು ಮನೆಮನೆಗೆ ಹೋಗಿ, “ಬನ್ನಿ ತಗೊಂಡು ಬಂಗಾರದಂಗ ಇರೋಣು” ಎಂದು ಕೊಟ್ಟು ತೆಗೆದುಕೊಳ್ಳುತ್ತೇವೆ. ವರ್ಷದ ಮನಸ್ತಾಪ ಅಲ್ಲಿಗೆ ತೀರಬೇಕು. ಸಾವಿತ್ರೆವ್ವ ಓಣಿಯ ಎಲ್ಲ ಬಾಗಿಲಿಗೂ ಹೋದಳು. ಲಾಲಬಿ ಗೋಡೆಯ ಆಚೆ ಹೊಸ ಸೀರೆಯುಟ್ಟು ದೀಪ ಹಚ್ಚುವ ಹೊತ್ತಿನವರೆಗೆ ನಿಂತೇ ಇದ್ದಳು. ಅವಳ ಪಾಲಿನ ಬನ್ನಿ ಜಗುಲಿಯ ಮೇಲೆಯೇ ಉಳಿಯಿತು.

ಎಂಟು ದಿನದ ಮೇಲೆ ಸಾವಿತ್ರೆವ್ವ ಒಂದು ಸೀಮಂತಕ್ಕೆಂದು ಲಕ್ಷ್ಮೇಶ್ವರಕ್ಕೆ ಹೋಗಿದ್ದಳು. ಬರುವಾಗ ಹತ್ತಿದ ಟೆಂಪೋದಲ್ಲಿ ಚಾಲಕ ಇಂಥದೇ ಯಂತ್ರವನ್ನು ಸ್ಪೀಕರಿಗೆ ಜೋಡಿಸಿದ್ದ. ಅದರಿಂದ ಬಂದದ್ದು ಸೋಬಾನದ ಹಾಡು. ಅವಳ ಹಾಡು! ಸಾಲಿಗೆ ಸಾಲು ಅದೇ.

“ಇದು ಯಾರ ದನೀಪಾ?”

“ಯಾರೋ ಶಿರಹಟ್ಟಿ ಕಡ್ಯಾಕಿರೀ ಅಜ್ಜಿ. ಅಂಗಡ್ಯಾಗ ತುಂಬಿಸಿ ಕೊಟ್ರು.”

ದನಿ ತನ್ನದಲ್ಲ ಎಂಬುದು ಅವಳ ಕಿವಿಗೂ ಗೊತ್ತಾಯಿತು. ಆದರೆ ಸಂಶಯಕ್ಕೆ ಕಿವಿ ಎಲ್ಲಿದೆ? “ನನ್ನ ದನಿ ಅಳಿಸಿ ಬ್ಯಾರೇದಾಕಿ ದನಿ ಹಚ್ಚ್ಯಾನ. ಆ ಯಂತ್ರದಾಗ ಏನರೆ ಮಾಡಾಕ ಬರತೈತಿ,” ಎಂದು ಬಂದು ಓಣಿಯ ನಳದ ಮುಂದೆ ಹೇಳಿದಳು. ನಳದ ಮುಂದೆ ಹೇಳಿದ ಮಾತು ಸಂಜೆಯೊಳಗೆ ಪೇಟೆ ಮುಟ್ಟಿತು. ತಮ್ಮ ತಮ್ಮ ಯಂತ್ರದಿಂದ ನೊಂದಿದ್ದವರಿಗೆಲ್ಲ ಒಬ್ಬ ಕಳ್ಳ ಸಿಕ್ಕ ಹಾಗಾಯಿತು. ಕೊಟ್ರಪ್ಪನವರು ಕೂಡ, “ನನ್ನ ಬಲಗಿವಿ ಹಾಡು ಅವನ ತಗೊಂಡಿರಬೇಕು,” ಎಂದರು. ಈ ಸಲ ಅವರು ನಗಲಿಲ್ಲ. ವಸೀಮನ ಅಂಗಡಿಯ ಮುಂದಿನ ಬೆಂಚು ಖಾಲಿಯಾಯಿತು.

ಗೋಡೆಯ ಆಚೆ ಲಾಲಬಿ ತನ್ನ ಪಾಡಿಗೆ ಕಂಡಿಕೆ ಸುತ್ತುತ್ತಿದ್ದಳು. ಅವಳ ರಾಟೆಯ ಸಪ್ಪಳ ಮಾತ್ರ ಕೇಳುತ್ತಿತ್ತು. ಈಚೆ ಸಾವಿತ್ರೆವ್ವನೂ ಹಾಡುವುದನ್ನು ನಿಲ್ಲಿಸಿದಳು. ಹಾಡಿದರೆ ಅವರು ಕದಿಯುತ್ತಾರೆಂದು.

ಒಂದು ಸೋಮವಾರ ಮಠದಲ್ಲಿ ಪ್ರವಚನ ಮುಗಿದಾಗ ಅವಳು ಕಂಬದ ಹಿಂದಿನಿಂದ ಬಂದು ನನ್ನ ಮುಂದೆ ಕುಳಿತಳು. “ಪುರಾಣಿಕರ, ನಂಗ ಅವನ ಮ್ಯಾಲ ಸಿಟ್ಟಿಲ್ಲ. ನನ್ನ ಹಾಡು ನಂಗ ತಿರುಗಿ ಬಂದ್ರ ಸಾಕು. ನಾ ಸತ್ತ ಮ್ಯಾಲ ಸುಶ್ಮಿತಾ ಏನ ಹಾಡಬೇಕು? ಅವನ ಕರಸ್ರಿ. ಇಬತ್ತಿ ಮುಟ್ಟಿ, ತಗೊಂಡಿಲ್ಲ ಅಂತ ಆಣಿ ಮಾಡ್ಲಿ.”

ಇಬತ್ತಿಯೆಂದರೆ ವಿಭೂತಿ. ಮಠದ ವಿಭೂತಿ ಮುಟ್ಟಿ ಸುಳ್ಳಾಡಿದವನಿಗೆ ಒಳಿತಿಲ್ಲವೆಂಬುದು ನಮ್ಮ ಓಣಿಯ ನಂಬಿಕೆ. ಮಹಾಜನರೇ, ಇಲ್ಲಿ ನಾನು ತಪ್ಪಿದೆ. “ಮೊದಲು ಆ ಯಂತ್ರವನ್ನು ತೋರಿಸವ್ವಾ” ಎನ್ನಬೇಕಾಗಿತ್ತು. ನನ್ನ ಪ್ರವಚನ ನುಂಗಿದ ಯಂತ್ರದ ನೆನಪು ನನ್ನ ಬುದ್ಧಿಯನ್ನು ಮಬ್ಬಾಗಿಸಿತ್ತು. ನಾನು ಒಪ್ಪಿ ಹೇಳಿಕಳಿಸಿದೆ.

ಮುಂದಿನ ಸೋಮವಾರ ಸಾವಿತ್ರೆವ್ವ ಡಬ್ಬಿಯ ಚೀಲ ಹಿಡಿದು ಮೊದಲೇ ಬಂದು ಕುಳಿತಿದ್ದಳು. ವಸೀಮ ಒಬ್ಬನೇ ಬಂದ. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಕುಳಿತ. ಮುಖ ಬಾಡಿತ್ತು.

“ಆಣಿ ಮಾಡತೀನ್ರಿ ಪುರಾಣಿಕರ. ಆದ್ರ ಒಮ್ಮೆ ಆ ಡಬ್ಬಿ ನನ್ನ ಕಣ್ಣಿಗೆ ತೋರಸ್ರಿ. ಕಳದದ್ದು ಏನು ಅಂತ ನೋಡಲಾರದ ಹೆಂಗ ಆಣಿ ಮಾಡಲಿ?”

ಸಾವಿತ್ರೆವ್ವ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಚೀಲದಿಂದ ಡಬ್ಬಿ ತೆಗೆದಳಾದರೂ ಅವನ ಕೈಗೆ ಕೊಡಲಿಲ್ಲ. ತಾನೇ ಹಿಡಿದು ದೀಪದ ಬೆಳಕಿಗೆ ಒಡ್ಡಿದಳು. ವಸೀಮ ಬಗ್ಗಿ ನೋಡಿದ. ಕಿವಿಯ ತಂತಿ ಸಿಕ್ಕಿಸುವ ತೂತಿನ ಸುತ್ತ ಬೆಳ್ಳಗೆ ಕಟ್ಟಿಕೊಂಡಿತ್ತು. ಅವನು ನನ್ನ ತಟ್ಟೆಯಲ್ಲಿದ್ದ ವಿಭೂತಿಯ ಗಟ್ಟಿಯನ್ನು ನೋಡಿದ, ಮತ್ತೆ ಡಬ್ಬಿಯನ್ನು ನೋಡಿದ.

“ದೊಡ್ಡವ್ವ, ಖಂಡೇಪೂಜ್ಯಾಗ ಇದಕ್ಕೂ ಇಬತ್ತಿ ಹಚ್ಚೀರೇನು?”

“ಹಚ್ಚಲಾರದ ಇರತೈತೇನು? ಲಾಳಿಗೆ ಹಚ್ಚೀನಿ, ಕತ್ತರಿಗೆ ಹಚ್ಚೀನಿ. ಇದೂ ಮನಿ ಸಾಮಾನ ಅಲ್ಲೇನು? ನೀರಾಗ ತೇದು, ಮೂರೂ ಬಟ್ಟು ಎಳದೀನಿ.”

“ಅದರ ಕಿವ್ಯಾಗೂ ಎಳದೀರಿ!”

ಅವನು ಸೂಜಿ ಕೇಳಿದ. ನೇಕಾರರ ಓಣಿಯಲ್ಲಿ ಸೂಜಿಗೆ ಬರವೇ? ಅವಳ ಸೆರಗಿನಲ್ಲೇ ಒಂದಿತ್ತು. ಈಗ ಡಬ್ಬಿ ಅವಳ ಕೈಯಿಂದ ಅವನ ಕೈಗೆ ಹೋಯಿತು. ಗಟ್ಟಿಯಾಗಿ ಒಣಗಿದ ವಿಭೂತಿಯನ್ನು ಅವನು ಕಣಕಣವಾಗಿ ಕೆದಕಿ ತೆಗೆದ. ಉಫ್ ಎಂದು ಊದಿದ. ತಂತಿ ಸಿಕ್ಕಿಸಿ, ಒಂದು ತುದಿಯನ್ನು ಅವಳ ಕಿವಿಗೂ ಇನ್ನೊಂದನ್ನು ನನ್ನ ಕಿವಿಗೂ ಇಟ್ಟು ಗುಂಡಿ ಒತ್ತಿದ.

ರಾಟೆಯ ಗರಗರ ಕೇಳಿತು. ಆಮೇಲೆ ಸಾವಿತ್ರೆವ್ವನ ದನಿ: “ನೂಲು ಹರಿದರ ನಾನು ಗಂಟು ಹಾಕೇನ ತಾಯಿ...” ಅಲ್ಲಿಗೆ ದನಿ ತಡೆಯಿತು. ರಾಟೆ ಒಂದು ಸುತ್ತು ಖಾಲಿ ತಿರುಗಿತು, ಇನ್ನೊಂದು ಸುತ್ತು ತಿರುಗಿತು. ಸಾಲು ಮರೆತಿದ್ದಳು. ಆಗ ದೂರದಿಂದ, ಗೋಡೆಯ ಆಚೆಯಿಂದ, ಇನ್ನೊಂದು ದನಿ ಕೂಗಿತು: “ಮಾತು ಹರಿದರ ಅನ್ನು ನಮ್ಮವ್ವಾ! ಮಾತು ಹರಿದರ ಏನ ಮಾಡಲಿ! ಅಷ್ಟೂ ನೆಪ್ಪಿಲ್ಲೇನು ನಿಂಗ?” ಇಬ್ಬರ ನಗು. ಹಾಡು ಮುಂದುವರಿಯಿತು.

ಅದು ಲಾಲಬಿಯ ದನಿ. ಒಂದು ಹಾಡಿನಲ್ಲಲ್ಲ, ಸುಶ್ಮಿತಾ ಆಮೇಲೆ ಎಣಿಸಿ ಹೇಳಿದಂತೆ ಏಳು ಹಾಡುಗಳಲ್ಲಿ ಗೋಡೆಯ ಆಚೆಯಿಂದ ಅವಳು ಸಾಲು ಎತ್ತಿಕೊಟ್ಟಿದ್ದಳು. ಮೂವತ್ತು ವರ್ಷ ಕೇಳಿದವಳಿಗೆ ನಲವತ್ತೂ ಬಾಯಿಗೆ ಬರುತ್ತಿದ್ದವು.

ಸಾವಿತ್ರೆವ್ವ ಕಿವಿಯಿಂದ ತಂತಿ ತೆಗೆದಳು. ಅದನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕೊನೆಗೆ, “ಟೆಂಪೋದಾಗಿನ ಹಾಡು?” ಎಂದಳು, ಸಂಶಯದ ಕೊನೆಯ ಎಳೆಯನ್ನು ಹಿಡಿದುಕೊಂಡು.

“ದೊಡ್ಡವ್ವ, ಹಾಡು ಕಲಿಸಿದ ನಿಮ್ಮ ಅತ್ತಿ ತವರಮನಿ ಯಾವೂರು?”

“ಶಿರಹಟ್ಟಿ,” ಎಂದವಳು ತಾನೇ ಬಾಯಿ ಮುಚ್ಚಿಕೊಂಡಳು.

ವಿಭೂತಿ ನನ್ನ ತಟ್ಟೆಯಲ್ಲೇ ಉಳಿಯಿತು. ಆಣೆ ಯಾರೂ ಮಾಡಲಿಲ್ಲ. ನಾನು ವಸೀಮನಿಗೆ ಕೈಮುಗಿದೆ. ಅವನು ನಾಚಿ, “ಹೇ, ಬಿಡ್ರಿ ಪುರಾಣಿಕರ,” ಎಂದ.

ಸಾವಿತ್ರೆವ್ವ ನೇರವಾಗಿ ಮನೆಗೆ ಹೋದಳು. ಜಗುಲಿಯ ಮೇಲಿದ್ದ ಆ ಬನ್ನಿಯನ್ನು ತೆಗೆದಳು. ದಸರೆ ಕಳೆದು ತಿಂಗಳಾಗಿತ್ತು. ಎಲೆ ಒಣಗಿ ಕಂದಿಹೋಗಿ ಮುಟ್ಟಿದರೆ ಪುಡಿಯಾಗುವಂತಿತ್ತು. ಅಂಗೈಯಲ್ಲಿ ಮುಚ್ಚಿಕೊಂಡು, ಗೋಡೆಯ ಮೇಲಿಂದಲ್ಲ, ಸುತ್ತು ಹಾಕಿ ಮುಂಬಾಗಿಲಿಂದ ಲಾಲಬಿಯ ಮನೆಗೆ ಹೋದಳು. ಓಣಿಯವರೆಲ್ಲ ನೋಡಲೆಂದೇ ಹಾಗೆ ಹೋದಳೆಂದು ನನಗೆ ತೋರುತ್ತದೆ.

ಲಾಲಬಿ ರಾಟೆ ನಿಲ್ಲಿಸಲಿಲ್ಲ. ಅಂಗೈಯನ್ನು ನೋಡಿ, “ಏನವಾ ಇದು? ಬನ್ನಿಯೋ, ತಂಬಾಕೋ?” ಎಂದಳು.

“ಬನ್ನೀನ. ಬಾಡೈತಿ.”

“ಬಾಡಲಾರದ ಏನು? ಆವತ್ತ ಹೊತ್ತು ಮುಳಗೂತನಾ ನಿಂತಿದ್ದೆ. ಕಾಲು ಇನ್ನೂ ನೋಯತಾವ.”

“ತಪ್ಪಾತು ಲಾಲೂ.”

“ನಳದ ಮುಂದ ಹೇಳು. ಅಲ್ಲೇ ಅಂದೀಯಲ್ಲ.”

ಮರುದಿನ ಬೆಳಿಗ್ಗೆ ನೀರು ಬಂದಾಗ ಅವಳು ಕೊಡ ಕೆಳಗಿಟ್ಟು, ಎಲ್ಲರೂ ಕೇಳುವಂತೆ ಹೇಳಿದಳು: “ವಸೀಮ ಏನೂ ತಗೊಂಡಿಲ್ಲ. ಡಬ್ಬಿ ಕಿವ್ಯಾಗ ನಾನ ಇಬತ್ತಿ ತುರಕಿದ್ದೆ.” ಓಣಿ ನಕ್ಕಿತು. ಅವಳೂ ನಕ್ಕಳು. ಕೊಟ್ರಪ್ಪನವರು ಅಂದೇ ತಮ್ಮ ಯಂತ್ರವನ್ನು ಹಿಡಿದು ವಸೀಮನ ಬೆಂಚಿನ ಮೇಲೆ ಕುಳಿತರು. ಅವರ ಬಲಗಿವಿ ಮಾತ್ರ ಸರಿಯಾಗಲಿಲ್ಲ.

ಆ ಡಬ್ಬಿಯೂ ಎರಡು ವರ್ಷದ ಮೇಲೆ ತಾನಾಗಿಯೇ ಕೆಟ್ಟಿತು. ಈ ಸಲ ಯಾರ ಸೂಜಿಗೂ ಬಗ್ಗಲಿಲ್ಲ. ಅಷ್ಟರಲ್ಲಿ ಸುಶ್ಮಿತಾ ಮೂವತ್ತಮೂರು ಹಾಡು ಕಲಿತಿದ್ದಳು. ಉಳಿದ ಏಳನ್ನು ಗೋಡೆಯ ಆಚೆಯ ಲಾಲಬಿ ಕಲಿಸಿದಳು. ಸಾವಿತ್ರೆವ್ವ ಈಗಿಲ್ಲ. ಹಾಡುಗಳಿವೆ.

ಈ ಕಥೆ ಓದಿದ ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ. ಮನೆಯಲ್ಲಿ ಏನಾದರೂ ಮೂಕವಾದಾಗ, ಪಕ್ಕದ ಮನೆಯವನ ಮೇಲೆ ಬೆರಳು ತೋರಿಸುವ ಮೊದಲು ನಾವೇ ಭಕ್ತಿಯಿಂದ ಬಳಿದದ್ದು ಎಲ್ಲಿ ಕಟ್ಟಿಕೊಂಡಿದೆಯೆಂದು ಬೆಳಕಿಗೆ ಹಿಡಿದು ನೋಡಿರಿ. ಯಾವುದಾದರೂ ಬಾಗಿಲಿಗೆ ಸೇರಬೇಕಾದ ಬನ್ನಿ ನಿಮ್ಮ ಜಗುಲಿಯ ಮೇಲೆ ಉಳಿದಿದ್ದರೆ, ಅದು ಒಣಗಿದೆಯೆಂದು ನಾಚದೆ, ಇಂದೇ ತೆಗೆದುಕೊಂಡು ಮುಂಬಾಗಿಲಿಂದ ಹೋಗಿ ಕೊಟ್ಟು ಬನ್ನಿರಿ.